ನಿಮ್ಮ ನೇಟಿವ್ ಯಾವುದು?

ಮುಂಬೈ ಲೋಕಲ್‌ನಲ್ಲಿ ಕನ್ನಡದವರು ಎದುರಾದರೆ ಮೊದಲು ಕೇಳುವುದೇ 'ನೇಟಿವ್ ಎಲ್ಲಿ?' ಅಂತ. ಕುಂದಾಪುರ ಅಂದರೆ ಸಾಕು, ಇಬ್ಬರಿಗೂ ಗೊತ್ತಿರುವ ಒಬ್ಬ ಹೋಟೆಲಿನವರು ಸಿಕ್ಕೇ ಸಿಗುತ್ತಾರೆ. ಅದೇ ಪದ ವೀಸಾಕ್ಕೂ ಅಡ್ಡ ಬರುತ್ತದೆ ಅಂತ ತಿಳಿದದ್ದು, ನನ್ನ ತಂಗಿ ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಹೊರಟಾಗ.

ಅವಳು ಡೊಂಬಿವಲಿಯಲ್ಲೇ ಹುಟ್ಟಿದವಳು. ಇಂಗ್ಲಿಷ್ ಎಂ.ಎ., ಮೇಲೆ ಬಿ.ಎಡ್. ಹನ್ನೊಂದು ವರ್ಷದಿಂದ ಟೀಚರ್. ಮದುವೆ ಕಾಗದ ಬಂದರೂ ಮೊದಲು ಪೆನ್ ಹುಡುಕುತ್ತಾಳೆ, ತಪ್ಪು ತಿದ್ದಲು.

ಭಾಷೆ ಕಲಿಸಲು ಹೋಗುವವರಿಗೆ ಅಲ್ಲಿ ಕೊಡುವ ಇ-2 ವೀಸಾದ ಲೆಕ್ಕವೇ ಬೇರೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಈ 7 ದೇಶಗಳ ಪಾಸ್‌ಪೋರ್ಟ್ ಇದ್ದರೆ ಇಂಗ್ಲಿಷಿಗೆ 'ನೇಟಿವ್', ಅಂದರೆ ಹುಟ್ಟಿನಿಂದ ಇಂಗ್ಲಿಷಿನವರು ಅಂತ ಲೆಕ್ಕ; ಡಿಗ್ರಿ ಯಾವ ವಿಷಯದ್ದಾದರೂ ನಡೆಯುತ್ತದೆ. ಮೀನು ಸಾಕಣೆ ಓದಿದವನೂ ಗ್ರಾಮರ್ ಕಲಿಸಬಹುದು. ನಮಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಸುಳ್ಳು ಹೇಳಬಾರದು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ಒಂದು ಕನಕನ ಕಿಂಡಿ ಇದೆ. ಡಿಗ್ರಿಯ ಜೊತೆ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರವೂ ಇದ್ದರೆ ಸಹಾಯಕ ಶಿಕ್ಷಕರಾಗಿ ಹೋಗಬಹುದು. ಮೀನಿನವನು ಮಹಾದ್ವಾರದಿಂದ, ನನ್ನ ತಂಗಿ ಕಿಂಡಿಯಿಂದ.

'ಸೇಫ್ಟಿಗೆ ಐಇಎಲ್‌ಟಿಎಸ್ ಬರೆದುಬಿಡಿ ಮೇಡಂ' ಅಂದರು ದಾದರ್‌ನ ಏಜೆಂಟರು. ಆ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ 2 ವರ್ಷವಷ್ಟೇ ಆಯಸ್ಸು, ಆಮೇಲೆ ಇಂಗ್ಲಿಷ್ ಹಳಸುತ್ತದೆ. ಹುಟ್ಟಿನಿಂದ ಬಂದ ಇಂಗ್ಲಿಷ್ ಉಪ್ಪಿನಕಾಯಿ, ಓದಿ ಕಲಿತದ್ದು ಕಾಯಿ ಚಟ್ನಿ!

ಜೊತೆಗೆ ಟೆಫ್ಲ್ ಸರ್ಟಿಫಿಕೇಟ್, ಅಂದರೆ ಇಂಗ್ಲಿಷ್ ಕಲಿಸುವುದು ಹೇಗೆ ಅನ್ನುವ 120 ಗಂಟೆಯ ಕೋರ್ಸು. 'ಅಣ್ಣಾ, ನಾನು ಎರಡು ತಿಂಗಳಲ್ಲಿ ಲೋಕಲ್‌ನಲ್ಲಿ ನೇತಾಡುವುದೇ ಅಷ್ಟು ಗಂಟೆ' ಅಂದಳು. ಆಮೇಲೆ ಡಿಗ್ರಿಗೆ ಅಪೊಸ್ಟೀಲ್ ಅನ್ನುವ ಮುದ್ರೆ. ಅದು ಹೇಳುವುದು ಕಾಗದದ ಮೇಲಿನ ಸಹಿ, ಸೀಲು ಅಸಲಿ ಅಂತ ಮಾತ್ರ. ಇಂಗ್ಲಿಷ್ ಬರುತ್ತದೋ ಇಲ್ಲವೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊನೆಗೆ ಏಜೆಂಟರು ಫಾರ್ಮ್ ಕೊಟ್ಟರು. 'ನೇಟಿವ್' ಅಂತ ಕಂಡಲ್ಲಿ ತಂಗಿ ಸುಮ್ನೆ 'ಕುಂದಾಪುರ' ಅಂತ ಬರೆದಳು. ಅವರು ಕನ್ನಡಕ ಏರಿಸಿ ನೋಡಿದರು.

'ಹೌದಾ? ನಮ್ದು ಬೈಂದೂರು ಮಾರಾಯ್ರೆ!'

ಎರಡು ಚಹಾ ಬಂತು. ಫಾರ್ಮ್ ಇನ್ನೂ ಅವರ ಮೇಜಿನ ಮೇಲೇ ಇದೆ.