ಸರ್ವಿಸ್ ಲಿಫ್ಟ್ ಕೆಟ್ಟಿದ್ದ ನಾಲ್ಕು ದಿನ

ನಮ್ಮ ಅಪಾರ್ಟ್‌ಮೆಂಟಲ್ಲಿ ಎರಡು ಲಿಫ್ಟ್ ಇದೆ. ಒಂದರೊಳಗೆ ಕನ್ನಡಿ, ಫ್ಯಾನು, ಹಿಡ್ಕೊಳ್ಳೋಕೆ ಸ್ಟೀಲ್ ಕಂಬಿ. ಇನ್ನೊಂದರ ಗೋಡೆಗೆಲ್ಲ ಪ್ಲೈವುಡ್ ಹೊಡೆದಿದ್ದಾರೆ, ಸಾಮಾನು ತಾಗಿ ಗೀರು ಬೀಳಬಾರ್ದು ಅಂತ. ಅದಕ್ಕೆ ಸರ್ವಿಸ್ ಲಿಫ್ಟ್ ಅಂತ ಹೆಸರು. ಮನೆಕೆಲಸದವ್ರು, ಡೆಲಿವರಿ ಹುಡುಗ್ರು, ಕಸ ಎತ್ತೋರು, ಹಳೇ ಸೋಫಾ, ಸಾಕಿದ ನಾಯಿ, ಎಲ್ಲಾ ಅದ್ರಲ್ಲೇ ಹೋಗ್ಬೇಕು ಅಂತ ರೂಲು. ಆ ರೂಲು ವಾಟ್ಸಾಪ್ ಗ್ರೂಪಲ್ಲಿ ಬಂದ ದಿನ ನಾನೂ ಒಂದು ಥಂಬ್ಸ್ ಅಪ್ ಒತ್ತಿದ್ದೆ, ಯೋಚ್ನೆ ಮಾಡಿ ಒತ್ತಿದ್ದಲ್ಲ, ಎಲ್ರೂ ಒತ್ತಿದ್ರು ಅಂತ ಒತ್ತಿದ್ದು. ಮೊದ್ಲೇ ಒಪ್ಕೊಂಡುಬಿಡ್ತೀನಿ, ಆಮೇಲೆ ಕಾಮೆಂಟಲ್ಲಿ ಯಾರೂ ಹುಡುಕೋದು ಬೇಡ.

ಹೋದ ತಿಂಗಳು ಆ ಸರ್ವಿಸ್ ಲಿಫ್ಟ್ ಕೆಟ್ಟು ನಾಲ್ಕು ದಿನ ನಿಂತಿತ್ತು. ನಮ್ಮನೆ ಕೆಲಸಕ್ಕೆ ಬರೋ ಅಕ್ಕ ಒಂಬತ್ತನೇ ಮಹಡಿಗೆ ಮೆಟ್ಟಿಲು ಹತ್ಕೊಂಡೇ ಬಂದಿದ್ದಾರೆ, ನನಗೆ ಗೊತ್ತಾಗಿದ್ದು ಮೂರನೇ ದಿನ, ಅದೂ ಬಾಗಿಲು ತೆಗೆದಾಗ ಕೊನೇ ಮೆಟ್ಟಿಲ ಮೇಲೆ ಮಂಡಿ ಹಿಡ್ಕೊಂಡು ಕೂತಿದ್ರು ಅನ್ನೋ ಕಾರಣಕ್ಕೆ. "ಯಾಕಕ್ಕ, ಆ ಕಡೆ ಲಿಫ್ಟ್ ಇತ್ತಲ್ಲ, ಅದ್ರಲ್ಲಿ ಬರೋದಲ್ವಾ" ಅಂದೆ. ಏನೂ ತಿಳೀದ ಮಗು ಮುಖ ನೋಡ್ತೀವಲ್ಲ, ಹಂಗೆ ನೋಡಿದ್ರು ನನ್ನ. "ಅದ್ರಲ್ಲಿ ನಾವು ಹತ್ತೋ ಹಂಗಿಲ್ವಲ್ಲ ಮೇಡಂ" ಅಂದು ಸೆರಗಲ್ಲಿ ಮುಖ ಒರೆಸ್ಕೊಂಡು ಒಳಗೆ ಹೋಗಿ ಪೊರಕೆ ತಗೊಂಡ್ರು.

ಅವತ್ತು ಅವ್ರು ಬಂದಿದ್ದು ಇಪ್ಪತ್ತು ನಿಮಿಷ ಲೇಟು. ನಮ್ಮನೆ ಆದ್ಮೇಲೆ ಇನ್ನೊಂದು ಮನೆಗೆ ಹೋಗ್ಬೇಕಿತ್ತು, ಅಲ್ಲೂ ಲೇಟಾಯ್ತು, ಆ ಮನೆಯವ್ರು ಅರ್ಧ ದಿನದ ಸಂಬಳ ಹಿಡಿದ್ರಂತೆ. ಅದೇ ದಿನ ಬೆಳಿಗ್ಗೆ ನಾನು ಆಫೀಸಿನ ಆನ್‌ಲೈನ್ ಮೀಟಿಂಗಿಗೆ ಇಪ್ಪತ್ತೈದು ನಿಮಿಷ ಲೇಟಾಗಿ ಸೇರಿದ್ದೆ. ನಿಜ ಹೇಳ್ಬೇಕು ಅಂದ್ರೆ ನಿದ್ದೆ ಬಂದ್ಬಿಟ್ಟಿತ್ತು. ನೆಟ್‌ವರ್ಕ್ ಪ್ರಾಬ್ಲಂ ಅಂದೆ. ಪರವಾಗಿಲ್ಲ ಬಿಡಿ ಅಂದ್ರು, ಪಾಪ ನಿಮ್ಮ ಏರಿಯಾದಲ್ಲಿ ಯಾವಾಗ್ಲೂ ಹಿಂಗೇ ಅಂತ ಒಬ್ರು ಮರುಕಾನೂ ಪಟ್ರು.

ಅವತ್ತಿಂದ ಇದೇ ತಲೇಲಿ ಕೊರೀತಿದೆ. ಬಡವ ಶ್ರೀಮಂತ ಅಂದ ತಕ್ಷಣ ನಾವು ಕಾರು ಮನೆ ಬಟ್ಟೆ ಲೆಕ್ಕ ಹಾಕ್ತೀವಿ. ನನಗೀಗ ಅನ್ಸೋದು, ಅದಲ್ಲ ದೊಡ್ಡ ವ್ಯತ್ಯಾಸ, ಒಬ್ಬ ಮನುಷ್ಯನಿಗೆ ಎಷ್ಟು ತಪ್ಪು ಮಾಡೋಕೆ ಅವಕಾಶ ಇದೆ ಅನ್ನೋದು. ನನಗೆ ಲೇಟಾಗ್ಬಹುದು, ತಪ್ಪು ಕೋರ್ಸ್ ಸೇರಿ ಎರಡು ವರ್ಷ ಆದ್ಮೇಲೆ ಬಿಟ್ಟು ಬರ್ಬಹುದು (ಬಂದಿದ್ದೀನಿ), ಕೆಲಸ ಇಷ್ಟ ಆಗ್ಲಿಲ್ಲ ಅಂತ ರಿಸೈನ್ ಮಾಡಿ ಮೂರು ತಿಂಗಳು ಸುಮ್ನೆ ಮನೇಲಿ ಕೂತು ಅದಕ್ಕೆ ಬ್ರೇಕ್ ಅಂತ ಚೆಂದದ ಹೆಸರೂ ಇಟ್ಕೋಬಹುದು. ಆ ಅಕ್ಕನಿಗೆ ಇಪ್ಪತ್ತು ನಿಮಿಷದ ತಪ್ಪಿಗೂ ಜಾಗ ಇಲ್ಲ, ಅದೂ ಅವ್ರ ತಪ್ಪೇ ಅಲ್ಲ, ಲಿಫ್ಟಿಂದು.

ಮಾರ್ಷ್‌ಮ್ಯಾಲೋ ಟೆಸ್ಟ್ ಅಂತ ಒಂದಿದೆ, ಮೋಟಿವೇಶನ್ ಭಾಷಣ ಕೇಳಿರೋರಿಗೆಲ್ಲ ಗೊತ್ತಿರುತ್ತೆ. ಮಗು ಮುಂದೆ ಒಂದು ಸಿಹಿ ಇಟ್ಟು, ಈಗ್ಲೇ ತಿನ್ನದೆ ಕಾದ್ರೆ ಎರಡು ಕೊಡ್ತೀನಿ ಅನ್ನೋದು. ವಾಲ್ಟರ್ ಮಿಶೆಲ್ ಅನ್ನೋ ಸೈಕಾಲಜಿಸ್ಟ್ ಮಾಡಿದ್ದು. ಕಾದ ಮಕ್ಕಳು ಮುಂದೆ ಓದಲ್ಲೂ ಚೆನ್ನಾಗಿ ಮಾಡಿದ್ರು ಅಂತ ಬಂತು, ಅದನ್ನ ಹಿಡ್ಕೊಂಡು ನೋಡಿ, ಸಂಯಮ ಇದ್ದೋರು ಉದ್ಧಾರ ಆಗ್ತಾರೆ, ಬಡವರಿಗೆ ಸಂಯಮ ಇಲ್ಲ ಅಂತ ದಶಕಗಟ್ಟಲೆ ಪಾಠ ಹೇಳಿದ್ರು. 2018ರಲ್ಲಿ ಬೇರೆ ಸಂಶೋಧಕರು ಇನ್ನೂ ಜಾಸ್ತಿ ಮಕ್ಕಳ ಮೇಲೆ ಇದನ್ನೇ ನೋಡಿದಾಗ, ಮನೆ ಪರಿಸ್ಥಿತಿ, ತಾಯಿ ಓದು ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ್ರೆ ಆ ಕಾಯೋದ್ರ ಮಹಿಮೆ ಬಹುಪಾಲು ಕರಗಿಹೋಯ್ತು. ನನಗಂತೂ ಆಶ್ಚರ್ಯ ಆಗ್ಲಿಲ್ಲ. ಕೊಡ್ತೀನಿ ಅಂದಿದ್ದು ಕೊನೆಗೂ ಸಿಕ್ಕೇ ಸಿಗುತ್ತೆ ಅಂತ ನಂಬಿಕೆ ಇರೋ ಮನೇಲಿ ಬೆಳೆದ ಮಗು ಕಾಯುತ್ತೆ, ನಾಳೆ ಇರುತ್ತೋ ಇಲ್ವೋ ಅನ್ನೋ ಮನೇಲಿ ಬೆಳೆದಿದ್ದು ಇವತ್ತೇ ತಿನ್ನುತ್ತೆ. ಎರಡನೇದು ದಡ್ಡ ಮಗು ಅಲ್ಲ, ಅದರ ಲೆಕ್ಕ ಸರಿಯಾಗೇ ಇದೆ.

ಇನ್ನು ಬಡತನ ಅಂದ್ರೆ ಕಮ್ಮಿ ಖರ್ಚು ಅನ್ಕೊಂಡಿದ್ರೆ ಅದೂ ಸುಳ್ಳು. ವರ್ಷದ ಫೀಸು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟು, ಕಂತಲ್ಲಿ ಕಟ್ಟಿದ್ರೆ ಜಾಸ್ತಿ. ಅಡ ಇಡೋಕೆ ಆಸ್ತಿ ಇದ್ದೋನಿಗೆ ಕಮ್ಮಿ ಬಡ್ಡಿ ಸಾಲ, ಏನೂ ಇಲ್ದೋನಿಗೆ ಮೀಟರ್ ಬಡ್ಡಿ. ಅಕೌಂಟಲ್ಲಿ ದುಡ್ಡು ಕಮ್ಮಿ ಇದೆ ಅಂತ ಕೆಲವು ಬ್ಯಾಂಕು ದಂಡ ಹಾಕುತ್ತೆ, ಅಂದ್ರೆ ದುಡ್ಡಿಲ್ಲ ಅನ್ನೋದಕ್ಕೇ ದುಡ್ಡು ಕೊಡ್ಬೇಕು, ಇದನ್ನ ಯಾರು ಯೋಚ್ನೆ ಮಾಡಿ ಕಂಡುಹಿಡಿದ್ರೋ ಅವ್ರಿಗೆ ಕೈ ಮುಗೀಬೇಕು.

ಈಗ ಒಬ್ರು ಬರ್ತಾರೆ, ನಾನು ಕಷ್ಟಪಟ್ಟೇ ಮೇಲೆ ಬಂದಿದ್ದು, ಯಾರ್ದೂ ಕಿತ್ಕೊಂಡಿಲ್ಲ ಅಂತ. ನಿಜ ಇರ್ಬಹುದು ಸ್ವಾಮಿ, ನಾನೂ ಕಷ್ಟಪಟ್ಟಿದ್ದೀನಿ. ಆದ್ರೆ ಒಂಬತ್ತು ಮಹಡಿ ಹತ್ತಿದ್ದು ಕಷ್ಟ ಅಲ್ವಾ? ಕಷ್ಟಕ್ಕೆ ತಕ್ಕ ಹಾಗೆ ದುಡ್ಡು ಬರೋ ಹಂಗಿದ್ರೆ ಆ ಅಕ್ಕ ಈ ಬಿಲ್ಡಿಂಗಲ್ಲೇ ಫ್ಲ್ಯಾಟ್ ತಗೋಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಪಾಲ್ ಪಿಫ್ ಅನ್ನೋ ಸಂಶೋಧಕ ಜನರನ್ನ ಜೋಡಿ ಮಾಡಿ ಮೊನಾಪಲಿ, ಅಂದ್ರೆ ದಾಳ ಹಾಕಿ ಜಾಗ ಕೊಂಡು ಬಾಡಿಗೆ ವಸೂಲಿ ಮಾಡೋ ಬೋರ್ಡ್ ಆಟ ಆಡ್ಸಿದ್ದ. ನಾಣ್ಯ ಚಿಮ್ಮಿ ಒಬ್ಬರನ್ನ ಶ್ರೀಮಂತ ಮಾಡೋದು, ಅವ್ರಿಗೆ ಶುರುವಲ್ಲೇ ಡಬಲ್ ದುಡ್ಡು, ಎರಡು ದಾಳ, ಇನ್ನೊಬ್ರಿಗೆ ಒಂದೇ ದಾಳ. ಮೋಸದ ಆಟ ಅಂತ ಇಬ್ರಿಗೂ ಕಣ್ಣೆದುರೇ ಗೊತ್ತು. ಸ್ವಲ್ಪ ಹೊತ್ತಲ್ಲೇ ಶ್ರೀಮಂತ ಆಟಗಾರರು ಕಾಯಿ ಜೋರಾಗಿ ಕುಟ್ಟಿ ನಡೆಸೋದು, ಎದುರಿನವ್ರ ಹತ್ರ ದರ್ಪದಿಂದ ಮಾತಾಡೋದು ಶುರುವಾಯ್ತಂತೆ. ಆಮೇಲೆ ಹೆಂಗೆ ಗೆದ್ರಿ ಅಂತ ಕೇಳಿದ್ರೆ ನಾಣ್ಯದ ಮಾತೇ ಇಲ್ಲ, ಇಂಥ ಜಾಗ ಸರಿಯಾದ ಟೈಮಲ್ಲಿ ತಗೊಂಡೆ, ಹಿಂಗೆ ಪ್ಲಾನ್ ಮಾಡ್ದೆ ಅಂತ ವಿವರಣೆ. ಕಾಲು ಗಂಟೆ ಆಟಕ್ಕೇ ಹಿಂಗಾದ್ರೆ ಮೂವತ್ತು ನಲವತ್ತು ವರ್ಷ ಎರಡು ದಾಳದಲ್ಲಿ ಆಡಿದ ನಮ್ಮಂಥೋರ ಕಥೆ ಏನು? ಮೆರಿಟೋಕ್ರಸಿ, ಅಂದ್ರೆ ಯೋಗ್ಯತೆ ಇದ್ದೋರೇ ಮೇಲೆ ಬರೋ ವ್ಯವಸ್ಥೆ, ಅಂತ ಈಗ ಹೆಮ್ಮೆಯಿಂದ ಹೇಳೋ ಪದಾನ 1958ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ ಬಳಕೆಗೆ ತಂದಿದ್ದು ಹೊಗಳೋಕಲ್ಲ, ಅಣಕ ಮಾಡೋಕೆ. ನಾವು ಅಣಕಾನ ಸರ್ಟಿಫಿಕೇಟ್ ಮಾಡ್ಕೊಂಡ್ವಿ.

ಆಟ ಎಷ್ಟು ವಾಲಿದೆ ಅಂತ ಬೇಕಾದ್ರೆ 2022ರ ವಿಶ್ವ ಅಸಮಾನತೆ ವರದಿ ನೋಡಿ. ಜಗತ್ತಿನ ಒಟ್ಟು ಆಸ್ತೀಲಿ ಮೇಲಿನ 10 ಪರ್ಸೆಂಟ್ ಜನರ ಕೈಲಿ 76 ಪರ್ಸೆಂಟ್ ಇದೆ, ಕೆಳಗಿನ ಅರ್ಧಕ್ಕರ್ಧ ಜನರೆಲ್ಲ ಸೇರಿದ್ರೂ 2 ಪರ್ಸೆಂಟ್. ಸಂಬಳ ಆದಾಯದಲ್ಲಿ ಇಷ್ಟು ಘೋರ ಇಲ್ಲ, ಅಲ್ಲಿ ಕೆಳಗಿನ ಅರ್ಧಕ್ಕೆ ಎಂಟೂವರೆ ಪರ್ಸೆಂಟ್ ಸಿಗುತ್ತೆ. ಅಂದ್ರೆ ದುಡಿಯೋಕೆ ಅವ್ರೂ ದುಡೀತಾರೆ, ಆದ್ರೆ ತಿಂಗಳ ಕೊನೆಗೆ ಏನೂ ಉಳಿಯಲ್ಲ, ಉಳೀದೆ ಇದ್ರೆ ಆಸ್ತಿ ಆಗಲ್ಲ, ಆಸ್ತಿ ಇಲ್ದೆ ತಪ್ಪಿಗೆ ಜಾಗ ಇಲ್ಲ, ಮತ್ತೆ ಅಲ್ಲಿಗೇ ಬಂದ್ವಿ. ಒಇಸಿಡಿ ಅನ್ನೋ, ಬಹುಪಾಲು ಶ್ರೀಮಂತ ದೇಶಗಳೇ ಇರೋ ಆರ್ಥಿಕ ಒಕ್ಕೂಟ 2018ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತ್ತು, ಬಡ ಮನೇಲಿ ಹುಟ್ಟಿದ ಮಗುವಿನ ವಂಶ ಆ ದೇಶದ ಸರಾಸರಿ ಆದಾಯ ಮುಟ್ಟೋಕೆ ಎಷ್ಟು ತಲೆಮಾರು ಬೇಕು ಅಂತ. ಡೆನ್ಮಾರ್ಕಲ್ಲಿ ಎರಡು, ಕೊಲಂಬಿಯಾದಲ್ಲಿ ಹನ್ನೊಂದು. ಹನ್ನೊಂದು ತಲೆಮಾರು ಅಂದ್ರೆ ಹೆಚ್ಚುಕಮ್ಮಿ ಮುನ್ನೂರು ವರ್ಷ. ಡೆನ್ಮಾರ್ಕಿನ ಮಕ್ಕಳೇನು ಐದೂವರೆ ಪಟ್ಟು ಕಷ್ಟ ಪಡ್ತಾರಾ?

ದುಡ್ಡಿನ ವಿಷ್ಯ ಒಂದಾದ್ರೆ, ನಿನ್ನ ಜಾಗ ಇದು ಅಂತ ದಿನಾ ತೋರ್ಸೋದು ಇನ್ನೊಂದು. ಬಡವಾ ನೀ ಮಡಗಿದಂಗಿರು ಅನ್ನೋ ಗಾದೆ ಈಗ ಯಾರೂ ಬಾಯಲ್ಲಿ ಹೇಳಲ್ಲ, ಬಾಗಿಲು ಲಿಫ್ಟು ಗೇಟು ಹೇಳುತ್ತೆ. ನ್ಯೂಯಾರ್ಕ್, ಲಂಡನ್ನಲ್ಲಿ ಒಂದೇ ಕಟ್ಟಡಕ್ಕೆ ದುಬಾರಿ ಮನೆಯವ್ರಿಗೆ ಮುಂದಿನ ಬಾಗಿಲು, ಕಮ್ಮಿ ಬಾಡಿಗೆಯವ್ರಿಗೆ ಬೇರೆ ಬಾಗಿಲು ಇಡ್ತಿದ್ರು, ಪೂರ್ ಡೋರ್ ಅಂತಾನೇ ಹೆಸರು ಬಿತ್ತು, ನ್ಯೂಯಾರ್ಕಲ್ಲಿ ಗಲಾಟೆ ಆಗಿ 2015ರಲ್ಲಿ ಕಾನೂನು ತಂದು ನಿಲ್ಲಿಸ್ಬೇಕಾಯ್ತು. ವಿಮಾನದ್ದೊಂದು ಅಧ್ಯಯನ 2016ರಲ್ಲಿ ಬಂದಿತ್ತು, ಫಸ್ಟ್ ಕ್ಲಾಸ್ ಇರೋ ವಿಮಾನಗಳಲ್ಲಿ ಹಿಂದಿನ ಸೀಟಿನವ್ರು ಜಗಳ ರಂಪ ಮಾಡೋದು ಜಾಸ್ತಿ, ಫಸ್ಟ್ ಕ್ಲಾಸ್ ಸೀಟುಗಳ ಮಧ್ಯೆ ಹಾದು ಹಿಂದಕ್ಕೆ ಹೋಗ್ಬೇಕಾದ್ರೆ ಇನ್ನೂ ಜಾಸ್ತಿ ಅಂತ. ಆ ರಂಪ ಮಾಡಿದೋನನ್ನ ಪೊಲೀಸ್ನೋರು ಇಳಿಸ್ಕೊಂಡು ಹೋಗ್ತಾರೆ, ಬಡವನ ಕೋಪ ದವಡೆಗೆ ಮೂಲ. ಸೀಟು ಹಂಗೆ ಜೋಡಿಸಿದೋರನ್ನ ಯಾರೂ ಏನೂ ಕೇಳಲ್ಲ.

ಇದು ಬರೀ ಮನಸ್ಸಿನ ನೋವು ಅಂತ ತಳ್ಳಿಹಾಕೋ ಹಾಗೂ ಇಲ್ಲ. ಬ್ರಿಟನ್ನಲ್ಲಿ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ, ಮೈಕೆಲ್ ಮಾರ್ಮಟ್ ಅನ್ನೋ ಆರೋಗ್ಯ ಸಂಶೋಧಕರ ಹೆಸರಿನ ಜೊತೆ ಬರೋದು, ಸರ್ಕಾರಿ ನೌಕರರನ್ನ ವರ್ಷಾನುಗಟ್ಟಲೆ ಗಮನಿಸ್ತು. ಎಲ್ರಿಗೂ ಖಾಯಂ ಕೆಲಸ, ಎಲ್ರಿಗೂ ಪುಕ್ಕಟೆ ಆಸ್ಪತ್ರೆ. ಆದ್ರೂ ಕೆಳಗಿನ ದರ್ಜೆಯ ನೌಕರರು, ಅಂದ್ರೆ ಬಾಗಿಲು ಕಾಯೋರು, ಫೈಲ್ ಓಡಾಡ್ಸೋರು ಇಂಥೋರು, ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಸಾಯ್ತಿದ್ರು. ಸಿಗರೇಟು, ಬಿಪಿ ಎಲ್ಲಾ ಲೆಕ್ಕ ಹಾಕಿದ್ರೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. ಅದೂ ಮೆಟ್ಟಿಲ ಹಾಗೆ, ಒಂದೊಂದು ದರ್ಜೆ ಇಳಿದ ಹಾಗೆ ಒಂದಿಷ್ಟು ಆಯಸ್ಸು ಕಮ್ಮಿ. ದಿನದ ಮೇಲೆ ತನ್ನ ಹಿಡಿತ ಇಲ್ದೆ, ಇನ್ನೊಬ್ರು ಹೇಳ್ದಂಗೆ ಬದುಕೋದು ಮೈಗೂ ತಾಗುತ್ತೆ ಅನ್ನೋದು ಮಾರ್ಮಟ್ ವಾದ.

ಸರಿ, ಇಷ್ಟೆಲ್ಲ ತಲೆಗೆ ಹತ್ತಿದ್ಮೇಲೆ ಗ್ರೂಪಲ್ಲಿ ಒಂದು ಮೆಸೇಜ್ ಹಾಕ್ದೆ, ಎರಡು ಲಿಫ್ಟೂ ಎಲ್ರೂ ಬಳಸಲಿ ಅಂತ. ಒಂದು ಗಂಟೆ ಮೌನ. ಆಮೇಲೆ ಒಬ್ರು ಹೈಜೀನ್ ಅಂದ್ರು. ನಮ್ಮ ಪಾತ್ರೆ ತೊಳೆಯೋ ಕೈ, ಮಗೂನ ಎತ್ಕೊಳ್ಳೋ ಕೈ, ಲಿಫ್ಟ್ ಬಟನ್ ಮುಟ್ಟಿದ್ರೆ ಮಾತ್ರ ಹೈಜೀನ್ ಕೆಡುತ್ತೆ. ಇನ್ನೊಬ್ರು ಸೆಕ್ಯುರಿಟಿ ಅಂದ್ರು. ಮನೆ ಕೀ ಕೊಟ್ಟು ಆಫೀಸಿಗೆ ಹೋಗೋರು ಇವ್ರೇ. ಮೂರನೇಯವ್ರು ನಿಮ್ಮ ಭಾವನೆ ಅರ್ಥ ಆಗುತ್ತೆ, ಮೀಟಿಂಗಲ್ಲಿ ಚರ್ಚೆ ಮಾಡೋಣ ಅಂದ್ರು, ಅದಕ್ಕೆ ಹದಿನಾಲ್ಕು ಥಂಬ್ಸ್ ಅಪ್ ಬಿತ್ತು. ಮೀಟಿಂಗ್ ಇನ್ನೂ ಆಗಿಲ್ಲ. ಅಷ್ಟರಲ್ಲಿ ಯಾರೋ ಪಾರ್ಕಿಂಗ್ ಜಗಳ ತೆಗೆದ್ರು, ನನ್ನ ಮೆಸೇಜು ಎಲ್ಲೋ ಮೇಲಕ್ಕೆ ಹೋಗ್ಬಿಡ್ತು.

ಸರ್ವಿಸ್ ಲಿಫ್ಟ್ ರಿಪೇರಿ ಆಗಿದೆ. ಮೊನ್ನೆ ಬೆಳಿಗ್ಗೆ ಕೆಳಗೆ ಅಕ್ಕ ಸಿಕ್ರು, ಅದರ ಮುಂದೆ ಕಾಯ್ತಾ ನಿಂತಿದ್ರು, ಅದು ಎಲ್ಲೋ ಹನ್ನೆರಡರಲ್ಲಿತ್ತು. ನಮ್ಮ ಲಿಫ್ಟ್ ಬಾಗಿಲು ತೆಗೆದುಕೊಂಡು ಖಾಲಿ ನಿಂತಿತ್ತು. "ಬನ್ನಿ ಅಕ್ಕ, ಇಬ್ರೂ ಹೋಗೋದು ಅಲ್ಲಿಗೇ ತಾನೇ" ಅಂತ ಬಾಗಿಲಿಗೆ ಕೈ ಅಡ್ಡ ಹಿಡಿದೆ. ಅವ್ರು ಒಂದು ಹೆಜ್ಜೆ ಮುಂದಿಟ್ರು, ಒಳಗೆ ಮೂಲೆ ಕಡೆ ಕತ್ತೆತ್ತಿ ನೋಡಿದ್ರು, ಹೆಜ್ಜೆ ವಾಪಸ್ ತಗೊಂಡ್ರು.

"ಬೇಡ ಮೇಡಂ, ನೀವು ಹೋಗಿರಿ, ಕ್ಯಾಮೆರಾ ಇದೆ."