ಪೀಸು ಎಣಿಸಬೇಡಿ, ಕೀಲು ನೋಡಿ

ತಿರುಗುವ ಸಾಕೆಟ್ (ನಟ್ಟು ಬೋಲ್ಟಿಗೆ ಹಾಕುವ ಬಟ್ಟಲು, ಕತ್ತಿನಲ್ಲಿ ಬಗ್ಗುವ ಕೀಲಿರುವಂಥದ್ದು) ಸೆಟ್ಟಿನಲ್ಲಿ ಪೀಸು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಕಾರಿನ ಕೆಲಸದಲ್ಲಿ ನನ್ನ ಕೈ ಪದೇ ಪದೇ ಹೋಗುವುದು 10, 12, 14, 17 ಎಂಎಂಗೆ. ಉಳಿದವು ಸುಮ್ನೆ ಡಬ್ಬಿಯಲ್ಲಿ ಹೊಳೆಯುತ್ತಾ ಕೂತಿವೆ.

ನೋಡಬೇಕಾದ್ದು ಕೀಲನ್ನು. ನನ್ನ ಮೊದಲ ಸೆಟ್ಟು ಅಗ್ಗದ್ದು. ಸ್ಟಾರ್ಟರ್ ಮೋಟರಿನ ಮೇಲಿನ ಬೋಲ್ಟು ಬಿಚ್ಚುವಾಗ ಕೀಲಿನ ಪಿನ್ನು ಟಪ್ ಅಂತ ಮುರಿಯಿತು. ಬೆರಳಿನ ಗೆಣ್ಣು ಹೋಗಿ ಬ್ರಾಕೆಟ್ಟಿಗೆ ಬಡಿಯಿತು. ಆ ಗುರುತು ಇನ್ನೂ ಇದೆ.

ಇಂಪ್ಯಾಕ್ಟ್ ಗನ್ (ಬಡಿಯುತ್ತಾ ತಿರುಗಿಸುವ ಯಂತ್ರ) ಹಾಕುವವರು ಇಂಪ್ಯಾಕ್ಟಿಗೆಂದೇ ಮಾಡಿದ ಕಪ್ಪು ಕ್ರೋಮ್ ಮಾಲಿಬ್ಡಿನಂ ಉಕ್ಕಿನ ಸಾಕೆಟ್ಟನ್ನೇ ತಗೊಳ್ಳಿ. ಹೊಳೆಯುವ ಕ್ರೋಮ್ ವೆನೇಡಿಯಂ ಸಾಕೆಟ್ಟು ಕೈಯಿಂದ ತಿರುಗಿಸುವ ಹಿಡಿ, ಅಂದರೆ ರ‍್ಯಾಚೆಟ್ಟಿಗೆ ಮಾತ್ರ. ಒಳಗೆ 6 ಮೂಲೆ ಇರಲಿ. 12 ಮೂಲೆಯದು ತುಕ್ಕು ಹಿಡಿದ ನಟ್ಟಿನ ಅಂಚನ್ನು ಬೇಗ ಸವೆಸುತ್ತದೆ.

ಕೀಲು ತೀರಾ ಸಡಿಲವಿದ್ದರೆ ಕತ್ತು ಜೋತುಬಿದ್ದು ಬೋಲ್ಟಿನ ತಲೆಗೆ ಕೂರುವುದೇ ಇಲ್ಲ, ಅಲ್ವಾ? ಕೀಲಿನ ಮೇಲೆ ಇನ್ಸುಲೇಶನ್ ಟೇಪು ಎರಡು ಸುತ್ತು ಸುತ್ತಿ. ಬಗ್ಗಿಸಿದ ಹಾಗೇ ನಿಲ್ಲುತ್ತದೆ, ತಿರುಗುತ್ತದೆ ಕೂಡ. ಆದರೆ ಜಾಸ್ತಿ ಬಗ್ಗಿಸಿ ಟಾರ್ಕ್ ರೆಂಚ್ (ಬಿಗಿ ಎಷ್ಟೆಂದು ಅಳೆಯುವ ಸ್ಪ್ಯಾನರ್) ಮಾತ್ರ ಹಾಕಬೇಡಿ, ಬಿಗಿಯ ಲೆಕ್ಕ ತಪ್ಪುತ್ತದೆ.