ಮಗು ಹಾಡಿತು ಅಂದರೆ ಕಾಲು ಸೋಫಾ ಮೇಲೆ

ಹಾರರ್ ಸಿನಿಮಾದಲ್ಲಿ ಗುಡುಗು, ಮಿಂಚು, ಬಿಳಿ ಸೀರೆ ಏನೇ ಬಂದರೂ ನಾನು ಆರಾಮಾಗಿ ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತೇನೆ. ಆದರೆ ಎಲ್ಲೋ ಒಂದು ಮಗು ಸಣ್ಣ ದನಿಯಲ್ಲಿ "ಲಾ ಲಾ ಲಾ" ಅಂತ ರಾಗ ಎಳೆಯಿತೋ, ಮುಗೀತು. ಎರಡೂ ಕಾಲು ಸೋಫಾ ಮೇಲೆ. ಕೆಳಗೆ ಏನೂ ಇಲ್ಲ ಅಂತ ಗೊತ್ತು. ಬೆಳಗ್ಗೆ ತಾನೇ ಗುಡಿಸಿದ್ದೇನೆ. ಆದರೂ.

ನಮ್ಮ ಮನೆಯಲ್ಲಿ ಹಾರರ್ ನೋಡುವವರು ನಾನು, ಯಜಮಾನರು ಮತ್ತು ಅತ್ತೆ. ಅದೂ ಪುಟ್ಟಿ ಮಲಗಿದ ಮೇಲೆ. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ದೆವ್ವಕ್ಕೆ ಯಾವ ಭಾಷೆ ಅನ್ನುತ್ತಾರೆ. ಅವರಿಗೆ ಕಪ್ಪು ಬಿಳುಪಿನವೇ ಆಗಬೇಕು. "ರಕ್ತ ಇಂಕಿನ ಥರ ಕಾಣುತ್ತೆ, ಊಟ ಸೇರುತ್ತೆ" ಅಂತ ಕಾರಣ.

ಹಾಗೆ ಒಂದು ಶನಿವಾರ 1961ರ 'ದಿ ಇನೊಸೆಂಟ್ಸ್' ಹಾಕಿದೆವು. ಪರದೆ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಒಂದು ಎಳೇ ದನಿ ಹಾಡುತ್ತಿದೆ, ಅಷ್ಟೇ. ಸಿನಿಮಾ ಶುರುವಾಗುವುದೇ ಹಾಗೆ. ಯಜಮಾನರಿಗೆ ಅದು ಹೇಗೆ ಗೊತ್ತಾಗಬೇಕು? ರಿಮೋಟ್ ಕುಟ್ಟಿದರು. ವೈರ್ ಅಲ್ಲಾಡಿಸಿದರು. ಟಿವಿ ಆಫ್ ಮಾಡಿ ಆನ್ ಮಾಡಿದರು. ಮತ್ತೆ ಕತ್ತಲು, ಮತ್ತೆ ಅದೇ ಹಾಡು. "ಪಿಕ್ಚರ್ ಟ್ಯೂಬ್ ಹೋಗಿದೆ ಕಣೋ" ಅಂದರು ಅತ್ತೆ. ಎಲ್‌ಇಡಿ ಟಿವಿಯಲ್ಲಿ ಪಿಕ್ಚರ್ ಟ್ಯೂಬ್ ಎಲ್ಲಿಂದ ಬರಬೇಕು! ಇಷ್ಟಕ್ಕೂ ಹಾಡಿದ್ದು ಮಗುವೇ ಅಲ್ಲ. ಐಲಾ ಕ್ಯಾಮರನ್ ಅನ್ನುವ ಜಾನಪದ ಗಾಯಕಿ. ಎಸ್. ಜಾನಕಿ ಮಗುವಿನ ದನಿಯಲ್ಲಿ ಹಾಡಿದ್ದನ್ನು ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಜಾನಕಿಯಮ್ಮ ಹಾಡಿದಾಗ ಮುದ್ದು ಉಕ್ಕುತ್ತಿತ್ತು, ಈಕೆ ಹಾಡಿದರೆ ಬೆವರು ಕಿತ್ತು ಬರುತ್ತದೆ, ಅದೊಂದೇ ವ್ಯತ್ಯಾಸ.

ಆಮೇಲೆ 'ರೋಸ್‌ಮೇರೀಸ್ ಬೇಬಿ' ನೋಡಿದೆವು. 1968ರದ್ದು, ಕಲರ್ ಆದರೂ ಅತ್ತೆ ರಿಯಾಯಿತಿ ಕೊಟ್ಟರು. ಕೊಮೆಡಾ ಅನ್ನುವ ಪೋಲೆಂಡಿನ ಸಂಗೀತಗಾರ ಕಟ್ಟಿದ ಜೋಗುಳವನ್ನು ನಾಯಕಿ ಮಿಯಾ ಫ್ಯಾರೋ ತಾವೇ ಹಾಡಿದ್ದಾರೆ. ಪದವಿಲ್ಲ, ಬರೀ ಲಾ ಲಾ. ಟೈಟಲ್ ತೋರಿಸುವಾಗಲೇ ಜೋಗುಳ ಶುರು. ಮಗುವಿರಲಿ, ಆಕೆ ಇನ್ನೂ ಬಸಿರೇ ಆಗಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ. "ಹುಟ್ಟೋಕೆ ಮುಂಚೆ ತೊಟ್ಟಿಲು ತರೋದೇ ಒಳ್ಳೇದಲ್ಲ, ಇವಳು ಜೋಗುಳ ಬೇರೆ ಹಾಡ್ತಾಳೆ. ಇನ್ನೇನಾಗುತ್ತೆ?" ಅಂತ ಅತ್ತೆ ಇಡೀ ಸಿನಿಮಾದ ಕಥೆಯನ್ನು ಮೊದಲ ಐದು ನಿಮಿಷದಲ್ಲೇ ಹೇಳಿ ಮುಗಿಸಿದರು.

ಹಿಚ್‌ಕಾಕ್‌ನ 'ದಿ ಬರ್ಡ್ಸ್' (1963) ಇನ್ನೂ ಘಾಟಿ. ಸ್ಕೂಲಿನೊಳಗೆ ಮಕ್ಕಳು ಒಟ್ಟಾಗಿ ಒಂದು ಹಾಡು ಹೇಳುತ್ತಿದ್ದಾರೆ. ಹೊರಗೆ ಬೆಂಚಿನ ಮೇಲೆ ನಾಯಕಿ ಸಿಗರೇಟು ಸೇದುತ್ತಾ ಕೂತಿದ್ದಾಳೆ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಮತ್ತೆ ನಾಲ್ಕು. ಅವಳು ತಿರುಗಿ ನೋಡುವ ಹೊತ್ತಿಗೆ ಕಂಬಿಯೇ ಕಾಣುವುದಿಲ್ಲ, ಬರೀ ಕಾಗೆ. ಅಷ್ಟು ಹೊತ್ತೂ ಒಳಗೆ ಹಾಡು ನಡೆದೇ ಇದೆ, ಹಿನ್ನೆಲೆ ಸಂಗೀತ ಅಂತ ಬೇರೇನೂ ಇಲ್ಲ. ಇದ್ದ ಹಾಡು ಸಾಲದೆ ಚಿತ್ರಕಥೆ ಬರೆದ ಇವಾನ್ ಹಂಟರ್ ಇನ್ನಷ್ಟು ಸಾಲು ಹೊಸೆದುಕೊಟ್ಟರಂತೆ. ನನ್ನ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ನಿಟ್ಟುಸಿರು ಬಿಟ್ಟರು: "ಮಾವನೋರ ತಿಥಿ ದಿನ ಟೆರೇಸ್ ಮೇಲೆ ನಿಂತು ಕಾ ಕಾ ಅಂತ ಗಂಟಲು ಹರ್ಕೊಂಡೆ. ಒಂದಾದ್ರೂ ಬಂತಾ?"

ಈಗ ಗೊಂಬೆಯ ವಿಷಯಕ್ಕೆ ಬರುತ್ತೇನೆ. ಪುಟ್ಟಿಯ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದು. ಹೊಟ್ಟೆ ಒತ್ತಿದರೆ ಇಂಗ್ಲಿಷ್ ಶಿಶುಗೀತೆ ಹಾಡುತ್ತದೆ. ಕೇಳಿ ಕೇಳಿ ತಲೆ ಚಿಟ್ಟು ಹಿಡಿದು ಅದನ್ನು ಅಟ್ಟಕ್ಕೆ ಸಾಗಿಸಿದ್ದೆ, ದಸರಾ ಗೊಂಬೆಗಳ ಪೆಟ್ಟಿಗೆ ಪಕ್ಕಕ್ಕೆ. ಒಂದು ರಾತ್ರಿ ಎರಡು ಗಂಟೆಗೆ ಮೇಲಿಂದ ಏನೋ ದಪ್ಪೆಂದ ಸದ್ದು. ಹಿಂದೆಯೇ ಹಾಡು. "ಟ್ವೀಈಈ... ಇಂಕಲ್..." ಮಗುವಿನ ದನಿಯಲ್ಲ. ನೆಗಡಿಯಾದ ವಾಚ್‌ಮನ್ ಅರ್ಧ ನಿದ್ದೆಯಲ್ಲಿ ಹಾಡಿದ ಹಾಗಿತ್ತು. "ರೀ, ಎದ್ದೇಳ್ರೀ" ಅಂದೆ. ಅವರು ಆಗಲೇ ಎದ್ದು ಕೂತಿದ್ದರು, ನಾನು ಏಳಲಿ ಅಂತ ಕಾಯುತ್ತಾ.

ಕೊನೆಗೆ ಮುದ್ದೆ ಕೋಲು ಹಿಡಿದು ಸ್ಟೂಲ್ ಹತ್ತಿದರು. ಇಡ್ಲಿ ಕುಕ್ಕರಿನ ಡಬ್ಬ ಜಾರಿ ಗೊಂಬೆಯ ಹೊಟ್ಟೆಯ ಮೇಲೆ ಕೂತಿತ್ತು. ಸೆಲ್ ಮುಗಿಯುತ್ತಾ ಬಂದಿತ್ತು. ಧೈರ್ಯ ವಾಪಸ್ ಬಂದಿದ್ದೇ ತಡ, ಅಲ್ಲೇ ನಿಂತು ಪಾಠ ಶುರು ಮಾಡಿದರು. ಇಂಥ ಅಗ್ಗದ ಚಿಪ್‌ಗೆ ವೋಲ್ಟೇಜ್ ಕಡಿಮೆಯಾದರೆ ಅದು ನಿಧಾನವಾಗುತ್ತದಂತೆ, ಆಗ ವೇಗವೂ ಇಳಿಯುತ್ತದೆ, ಸ್ವರವೂ ಇಳಿಯುತ್ತದೆ. ಕೀಲಿ ಕೊಡುವ ಹಳೇ ಮ್ಯೂಸಿಕ್ ಬಾಕ್ಸ್ ಹಾಗಲ್ಲ. ಅದರಲ್ಲಿರುವುದು ಉಕ್ಕಿನ ಬಾಚಣಿಗೆ, ಒಂದೊಂದು ಹಲ್ಲಿಗೆ ಒಂದೊಂದು ಸ್ವರ. ಸ್ಪ್ರಿಂಗ್ ಸಡಿಲವಾದರೆ ಹಾಡು ಕುಂಟುತ್ತದೆ, ಸ್ವರ ಮಾತ್ರ ಅಲ್ಲೇ ಇರುತ್ತದೆ. ಒಂದು ಕೈಯಲ್ಲಿ ಮುದ್ದೆ ಕೋಲು, ಇನ್ನೊಂದರಲ್ಲಿ ಇನ್ನೂ ನರಳುತ್ತಿದ್ದ ಗೊಂಬೆ. ಅತ್ತೆ ಈ ವೋಲ್ಟೇಜ್ ಪುರಾಣ ಒಪ್ಪಲಿಲ್ಲ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಎಲ್ಲರೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲವಲ್ಲ? ಆಗ ಅವರೂ ತೀರ್ಪು ಕೊಟ್ಟರು: "ಸೆಲ್ಲೇ ವೀಕು."

1984ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'ನಲ್ಲಿ ಪುಟ್ಟ ಹುಡುಗಿಯರು ಹಗ್ಗದಾಟ ಆಡುತ್ತಾ ಒಂದು, ಎರಡು ಅಂತ ಎಣಿಸುತ್ತಾ ಕೊಲೆಗಾರನ ಹಾಡು ಹೇಳುತ್ತಾರೆ. ಮೂಲ ನಾವೆಲ್ಲ ನರ್ಸರಿಯಲ್ಲಿ ಬಾಯಿಪಾಠ ಮಾಡಿದ 'ಒನ್ ಟು ಬಕಲ್ ಮೈ ಶೂ'. ಹಾಗಾದರೆ ನಮ್ಮ ಬಾಳೆಲೆಯ ಹಾಡಿನಿಂದಲೂ ಹೆದರಿಸಬಹುದಾ? ಒಂದು ರಾತ್ರಿ ಲೈಟ್ ಆರಿಸಿ ನಿಧಾನವಾಗಿ ಶುರು ಮಾಡಿದೆ. "ಐದು... ಆರು..." ತನಕ ಪರವಾಗಿಲ್ಲ. "ಬೇಳೆ ಸಾರು" ಅಂದ ತಕ್ಷಣ ಎಲ್ಲ ಕೆಟ್ಟಿತು. ಸಾರಿಗೆ ಯಾರು ಹೆದರುತ್ತಾರೆ? ಯಜಮಾನರು ಕತ್ತಲಲ್ಲೇ ಕೇಳಿದರು, "ಸ್ವಲ್ಪ ಉಳಿದಿದೆಯಾ?" ಆದರೆ ಕೊನೆಯ ಸಾಲು ಒಮ್ಮೆ ಪಿಸುಗುಟ್ಟಿ ನೋಡಿ: "ಊಟದ ಆಟವು ಮುಗಿದಿತ್ತು." ನನಗೇ ಮೈ ಜುಮ್ಮೆಂದು ಲೈಟ್ ಹಾಕಿದೆ.

ಅಷ್ಟರಲ್ಲಿ ಪುಟ್ಟಿ ಬಾಗಿಲ ಹಿಂದಿನಿಂದ ಕೇಳಿಸಿಕೊಂಡೇ ಆ ಲಾ ಲಾ ಕಲಿತುಬಿಟ್ಟಿದ್ದಳು. ರಾತ್ರಿ ನೀರು ಕುಡಿಯೋಕೆ ಎದ್ದವಳು ಕತ್ತಲ ಪ್ಯಾಸೇಜಿನಲ್ಲಿ ನಿಂತು ಹಾಡಿದಳು. ಯಜಮಾನರ ಕೈಯಲ್ಲಿದ್ದ ಹಾಲಿನ ಲೋಟ ನೆಲಕ್ಕೆ. ಅವತ್ತಿನಿಂದ ಮನೆಯಲ್ಲಿ ಲಾ ಲಾ ಬಂದ್.

ಆದರೆ ಈ ವಿಷಯದಲ್ಲಿ ಸರಿಯಾಗಿ ಯೋಚಿಸಿದ್ದು 1931ರ ಜರ್ಮನ್ ಸಿನಿಮಾ, ಫ್ರಿಟ್ಜ್ ಲ್ಯಾಂಗ್‌ನ 'ಎಂ'. ಮಕ್ಕಳ ಕೊಲೆಗಾರ ಊರಲ್ಲಿ ಓಡಾಡುತ್ತಿದ್ದಾನೆ. ಮಕ್ಕಳು ವಠಾರದಲ್ಲಿ ಅವನ ಮೇಲೇ ಹಾಡು ಕಟ್ಟಿ ಆಡುತ್ತಿದ್ದಾರೆ. ಒಬ್ಬ ಹೆಂಗಸು ಬೈಯುತ್ತಾಳೆ. ಬಟ್ಟೆ ಒಗೆಯುತ್ತಿರುವ ಇನ್ನೊಬ್ಬ ತಾಯಿಯ ಲೆಕ್ಕ ಬೇರೆ: ಹಾಡು ಕೇಳುತ್ತಿರುವ ತನಕ ಮಕ್ಕಳು ಅಲ್ಲೇ ಇದ್ದಾರೆ ಅಂತಾದರೂ ಗೊತ್ತಾಗುತ್ತದೆ.

ನಾವು ಹಾಡು ಬಂದ್ ಮಾಡಿದ ಆ ವಾರ ಒಂದು ಮಧ್ಯಾಹ್ನ ಮನೆ ತುಂಬಾ ಸುಮ್ಮನಿತ್ತು. ಮಕ್ಕಳಿರುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಓಡಿದೆ. ದೇವರ ಮನೆಯಲ್ಲಿ ಪುಟ್ಟಿಯ ಮುಖ, ಕೈ, ಫ್ರಾಕು, ಹೊರಗಿನ ಗೋಡೆ ಎಲ್ಲ ಕೆಂಪು. ಯಾವ ಸಿನಿಮಾಗೂ ಹಾಕದ ಚೀರು ಹಾಕಿದೆ. ಅತ್ತೆಯ ಕುಂಕುಮದ ಡಬ್ಬಿ ಖಾಲಿ ಬಿದ್ದಿತ್ತು. "ಒಂದು ಮಾತಾದ್ರೂ ಆಡಬಾರದೇನೇ?" ಅಂದೆ. "ಹಾಡಿದ್ರೆ ಅಪ್ಪ ಹೆದರ್ತಾರಲ್ಲ, ಅದಕ್ಕೇ ಸುಮ್ನಿದ್ದೆ" ಅಂದಳು.

ನಮ್ಮದು ಬಾಡಿಗೆ ಮನೆ. ಸೋಪು, ನಿಂಬೆಹಣ್ಣು, ಅಡುಗೆ ಸೋಡಾ ಯಾವುದಕ್ಕೂ ಆ ಕೆಂಪು ಬಗ್ಗಲಿಲ್ಲ. ಕೊನೆಗೆ ಅದರ ಮೇಲೆ ಪಂಚಾಂಗದ ಕ್ಯಾಲೆಂಡರ್ ನೇತುಹಾಕಿದೆವು, ನೆಲದಿಂದ ಎರಡಡಿ ಎತ್ತರಕ್ಕೆ. ಮೊನ್ನೆ ಬಂದ ಓನರ್ ಅದನ್ನೇ ನೋಡುತ್ತಾ, "ಯಾಕಮ್ಮಾ ಇಷ್ಟು ಕೆಳಗೆ?" ಅಂದರು. ನಾನು ತಡವರಿಸಿದೆ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಪುಟ್ಟಿಗೆ ನಕ್ಷತ್ರ ಕಲಿಸ್ತಿದೀವಿ. ಕೂತ್ಕೊಳ್ಳಿ, ಕಾಫಿ ತಂದೆ."